‘ನಿನ್ನ ಬಂಡೀಲಿ ಹೋದ’

ಟಿಫನ್ ಕ್ಯಾರಿಯರಿನ ಕೆಳಗಿನ ಬಟ್ಟಲನ್ನು ತೆಗೆದಾಗ ಒಳಗೆ ಒಂದು ಬನ್ನು ಸಿಕ್ಕಿತು.

ಮೇಲಿನ ಎರಡು ಬಟ್ಟಲುಗಳು ಖಾಲಿ. ಊಟ ಮಾಡಿ ತೊಳೆದಿಟ್ಟ ಹಾಗೆ ಸ್ವಚ್ಛವಾಗಿದ್ದವು. ಕೆಳಗಿನದರಲ್ಲಿ ಮಾತ್ರ, ಬೆಂಗಳೂರಿನ ಬೇಕರಿಯವರು ಸುತ್ತಿಕೊಡುವ ಎಣ್ಣೆ ಕಾಗದದೊಳಗೆ, ಒಂದು ಸಿಹಿ ಬನ್ನು ಒಣಗಿ ಇಟ್ಟಿಗೆಯಾಗಿ ಕುಳಿತಿತ್ತು.

ನೋಡಿದ್ದು ಸಾಕು, ಮುಚ್ಚಿಡಿ, ಅದು ಮುದ್ದೆಮಾಲು ಎಂದರು ಸಬ್ ಇನ್ಸ್‌ಪೆಕ್ಟರು. ಕೋರ್ಟಿಗೆ ತೋರಿಸುವ ವಸ್ತುವಿಗೆ ಪೊಲೀಸರು ಹಾಗೆನ್ನುತ್ತಾರೆ. ಮುದ್ದೆಯಲ್ಲ ಸ್ವಾಮಿ, ಬನ್ನು ಎಂದೆ ನಾನು. ಅವರು ನಗಲಿಲ್ಲ. ಮಂಡ್ಯದ ಕಡೆಯವರು, ನಮ್ಮ ತಿಮ್ಮನಬಾವಿಗೆ ವರ್ಗವಾಗಿ ಬಂದು ಇನ್ನೂ ಮೂರು ವಾರ. ನನ್ನಂಥವನ ಹತ್ತಿರ ನಗಬೇಕೋ ಬೇಡವೋ ಎಂಬುದು ಅವರಿಗಿನ್ನೂ ತಿಳಿದಿರಲಿಲ್ಲ.

ನನ್ನಂಥವನು ಎಂದರೆ ವೆಂಕಟರವಣಪ್ಪ, ರೈಲ್ವೆಯಲ್ಲಿ ಮೂವತ್ತೊಂದು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಸುಳ್ಳು ಹೇಳುವವನ ಕಣ್ಣು ಎತ್ತ ಹೋಗುತ್ತದೆ ಎಂದು ನನಗೆ ಪಾಠ ಹೇಳಿಕೊಡಬೇಕಾಗಿಲ್ಲ. ಊರಿನಲ್ಲಿ ಏನಾದರೂ ಕಳೆದುಹೋದರೆ ಜನ ಮೊದಲು ನನ್ನ ಮನೆಗೆ ಬರುತ್ತಾರೆ, ಆಮೇಲೆ ಠಾಣೆಗೆ. ಇದು ಪೊಲೀಸರಿಗೆ ಹಿಡಿಸುವುದಿಲ್ಲ. ಹಿಡಿಸಬೇಕೆಂದು ನಾನೇನೂ ಹರಕೆ ಹೊತ್ತಿಲ್ಲ.

ಈ ಸಲ ಕಳೆದುಹೋದದ್ದು ಒಬ್ಬ ಮನುಷ್ಯ. ಬೆಂಗಳೂರಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಚನ್ನಕೇಶವ ಗುರುವಾರ ಬೆಳಿಗ್ಗೆ ಮನೆಯಿಂದ ಹೊರಟವನು ಶನಿವಾರವಾದರೂ ಪತ್ತೆಯಿಲ್ಲ. ಅವನ ಕ್ಯಾರಿಯರು ಸಿಕ್ಕಿದ್ದು ಪಿಳ್ಳಪ್ಪನ ಜಟಕಾದಲ್ಲಿ, ಕುದುರೆಗೆ ಹಾಕುವ ಹುಲ್ಲಿನ ಅಡಿಯಲ್ಲಿ. ಶುಕ್ರವಾರ ಸಂಜೆಯಿಂದ ಪಿಳ್ಳಪ್ಪ ಲಾಕಪ್ಪಿನಲ್ಲಿದ್ದ, ಕೊಲೆಯ ಅನುಮಾನದ ಮೇಲೆ.

ಪಿಳ್ಳಪ್ಪನನ್ನು ಒಳಗೆ ಹಾಕಿದ್ದರಿಂದ ಊರಿಗೆ ಏನಾಯಿತು ಎಂಬುದನ್ನು ಆ ಬೆಳಿಗ್ಗೆ ಸ್ಟೇಷನ್ ರಸ್ತೆಯಲ್ಲಿ ನಿಂತವರು ಕಣ್ಣಾರೆ ಕಂಡರು. ತಿಮ್ಮನಬಾವಿಗೆ ರೈಲ್ವೆ ಸ್ಟೇಷನ್ ಎರಡು ಮೈಲಿ ದೂರ. ದಿನಾ ಏಳು ಗಂಟೆಯ ಗಾಡಿಗೆ ದೊಡ್ಡಬಳ್ಳಾಪುರಕ್ಕೂ ಬೆಂಗಳೂರಿಗೂ ಕೆಲಸಕ್ಕೆ ಹೋಗುವ ‘ಪಾಸಿನವರು’ ಊರಲ್ಲಿ ಇಪ್ಪತ್ತೆರಡು ಮಂದಿ. ತಿಂಗಳ ಪಾಸು ಜೇಬಿನಲ್ಲಿ, ಕ್ಯಾರಿಯರು ಕೈಯಲ್ಲಿ. ಸೈಕಲ್ ಇದ್ದವರು ಸೈಕಲ್ಲಿನಲ್ಲಿ ಹೋಗುತ್ತಾರೆ. ಇಲ್ಲದವರಿಗೆ ಪಿಳ್ಳಪ್ಪನೇ ಗತಿ. ಕತ್ತಲಿರುವಾಗಲೇ ಜಟಕಾ ಕಟ್ಟಿ, ಎರಡು ಸುತ್ತು ಹೊಡೆದು, ಅಷ್ಟೂ ಜನರನ್ನು ಗಾಡಿಗೆ ಮುಟ್ಟಿಸುತ್ತಾನೆ.

ಅವನ ಪದ್ಧತಿ ಎಂದರೆ, ಮನೆ ಮುಂದೆ ನಿಲ್ಲಿಸಿ ಒಂದು ಸಲ ಗಂಟೆ ಬಾರಿಸುವುದು, ನೂರು ಎಣಿಸುವುದು, ಹೊರಟುಬಿಡುವುದು. ಅವನಿಗೆ ಇಪ್ಪತ್ತರ ಮೇಲೆ ಎಣಿಕೆ ಬಾರದು. ಆದ್ದರಿಂದ ಇಪ್ಪತ್ತನ್ನೇ ಐದು ಸಲ ಎಣಿಸುತ್ತಾನೆ. ತಹಸೀಲ್ದಾರರ ಮಗನಾದರೂ ನೂರೊಂದಕ್ಕೆ ಜಟಕಾ ನಿಲ್ಲುವುದಿಲ್ಲ. ಗುರುವಾರ ಚನ್ನಕೇಶವನ ಬಾಗಿಲಲ್ಲಿ ಹಾಗೆಯೇ ಎಣಿಸಿದೆ, ಯಾರೂ ಬರಲಿಲ್ಲ, ಹೊರಟೆ. ಪಿಳ್ಳಪ್ಪ ಹೇಳಿದ್ದು ಇಷ್ಟೇ. ಹೊಡೆದರೂ ಬೈದರೂ ಇದರ ಮೇಲೆ ಒಂದು ಮಾತು ಅವನ ಬಾಯಿಂದ ಬಂದಿರಲಿಲ್ಲ.

ಇವತ್ತು ಪಾಸಿನವರೆಲ್ಲ ನಟರಾಜ ಸರ್ವಿಸು. ಪಂಚೆ ಎತ್ತಿಕಟ್ಟಿ, ಬೂಟು ಕೈಯಲ್ಲಿ ಹಿಡಿದು, ಪೊಲೀಸರ ವಂಶವನ್ನೆಲ್ಲ ಹರಸುತ್ತಾ ಎರಡು ಮೈಲಿ ಓಡಿದರು. ಅವರಲ್ಲಿ ನನ್ನ ಒಬ್ಬಳೇ ಮಗಳ ಗಂಡ ಆವಲಪ್ಪನೂ ಇದ್ದ. ಚನ್ನಕೇಶವನೂ ಅವನೂ ಒಂದೇ ಕಚೇರಿ, ರೈಲಿನಲ್ಲಿ ದಿನಾ ಒಂದೇ ಬೆಂಚು. ಠಾಣೆಯ ಮುಂದೆ ನನ್ನನ್ನು ಕಂಡವನು ಏದುಸಿರು ಬಿಡುತ್ತಲೇ, ಹೇಗಾದರೂ ಮಾಡಿ ಪಿಳ್ಳಪ್ಪನನ್ನು ಬಿಡಿಸಿ ಮಾವ ಎಂದು ಕೈಮುಗಿದು ಓಡಿದ. ಅಳಿಯನಿಗೆ ಬಡವರ ಮೇಲೆ ಎಷ್ಟು ಕರುಣೆ ಎಂದು ನಾನು ಹಿಗ್ಗಿದೆ.

ಒಂಬತ್ತರ ಬಸ್ಸಿಗೆ ಪಿಳ್ಳಪ್ಪನನ್ನು ಗೌರಿಬಿದನೂರಿಗೆ ಕರೆದುಕೊಂಡು ಹೋಗಿ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುವುದೆಂದು ಗೊತ್ತಾಗಿತ್ತು. ಒಂದು ಸಲ ಕೊಲೆಯ ಕೇಸು ಎಂದು ಕಾಗದದ ಮೇಲೆ ಬಿದ್ದರೆ ಜಟಕಾ ಹೊಡೆಯುವವನ ಮಾತು ಕೇಳುವವರು ಯಾರು? ಅವನ ಹೆಂಡತಿ ಅಶ್ವತ್ಥಮ್ಮ, ಕುದುರೆಗೆ ಮೇವಿಕ್ಕಲು ಒಮ್ಮೆ ಮನೆಗೆ ಹೋಗಿಬಂದದ್ದು ಬಿಟ್ಟರೆ, ನಿನ್ನೆ ಸಂಜೆಯಿಂದ ಠಾಣೆಯ ಮುಂದಿನ ಹೊಂಗೆ ಮರದ ಕೆಳಗೇ ಕುಳಿತಿದ್ದಳು. ಗಡಿಯಾರ ಆಗಲೇ ಏಳೂಮುಕ್ಕಾಲು ತೋರಿಸುತ್ತಿತ್ತು.

ನಾನು ಬನ್ನನ್ನು ಮೇಜಿನ ಮೇಲಿಟ್ಟೆ. ಕೆಲಸಕ್ಕೆ ಹೊರಟವನ ಕ್ಯಾರಿಯರಿನಲ್ಲಿ ಬೆಳಿಗ್ಗೆ ಅನ್ನವಿರಬೇಕು ಎಂದೆ. ಕೊಂದವನು ತಿಂದಿರುತ್ತಾನೆ ಎಂದರು ಸಬ್ ಇನ್ಸ್‌ಪೆಕ್ಟರು. ತಿಂದು, ತೊಳೆದು, ಬೆಂಗಳೂರಿಗೆ ಹೋಗಿ ಬನ್ನು ತಂದಿಟ್ಟನೇ ಎಂದು ಕೇಳಿದೆ.

ನಾನು ಬಿಡಿಸಿ ಹೇಳಿದೆ. ಚನ್ನಕೇಶವನಿಗೆ ಅಡಿಗೆ ಮಾಡಿ ಹಾಕುವವಳು ಅವನ ಅಕ್ಕ ಚಿಕ್ಕವೆಂಕಟಮ್ಮ. ಸಾದಲಿಯಲ್ಲಿರುವ ಅವಳ ಗಂಡನ ಕಡೆಯವರು, ರೇಷ್ಮೆ ಹುಳು ಹಣ್ಣಾಗಿವೆ, ಗೂಡು ಕಟ್ಟಲು ಬಿಡುವುದಕ್ಕೆ ಕೈ ಸಾಲದು ಎಂದು ಹೇಳಿಕಳಿಸಿದ್ದರು. ಅವಳು ಬುಧವಾರ ಬೆಳಿಗ್ಗೆ ತಮ್ಮನಿಗೆ ಕ್ಯಾರಿಯರು ತುಂಬಿಕೊಟ್ಟು, ಮಧ್ಯಾಹ್ನದ ಬಸ್ಸಿಗೆ ಹೊರಟಳು. ಮಾರನೆಯ ಬೆಳಿಗ್ಗೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಅದಕ್ಕೇ ಚನ್ನಕೇಶವ ಬುಧವಾರ ಸಂಜೆ ಬನ್ನು ಕೊಂಡ. ಪಾಸಿನವರು ಪೇಟೆಯಿಂದ ಏನು ತಂದರೂ ಖಾಲಿ ಕ್ಯಾರಿಯರಿನಲ್ಲೇ ತರುವುದು, ಅದು ಎಲ್ಲರ ಅಭ್ಯಾಸ. ಇಳಿಯುವಾಗ ಕ್ಯಾರಿಯರನ್ನು ಜಟಕಾದಲ್ಲೇ ಮರೆತ. ಮರೆತದ್ದು ಬುಧವಾರ ಸಂಜೆ, ಗುರುವಾರ ಬೆಳಿಗ್ಗೆ ಅಲ್ಲ.

ಸಬ್ ಇನ್ಸ್‌ಪೆಕ್ಟರು ಬನ್ನನ್ನು ಬೆರಳಿನಿಂದ ಕುಟ್ಟಿ ನೋಡಿದರು. ಕೆಟ್ಟ ಮನುಷ್ಯರಲ್ಲ, ನ್ಯಾಯದ ಮಾತು ಅವರ ಕಿವಿಗೆ ಬೀಳುತ್ತಿತ್ತು. ಆದರೆ ಅವರ ಹತ್ತಿರ ಇನ್ನೊಂದು ಕಾಗದವಿತ್ತು. ಅದನ್ನು ನನ್ನ ಮುಂದೆ ಸರಿಸಿದರು.

“ಇದಕ್ಕೇನಂತೀರಿ? ಕಣ್ಣಲ್ಲಿ ನೋಡಿದ ಸಾಕ್ಷಿ. ನನ್ನ ಕಿವಿಯಾರೆ ಕೇಳಿ, ನನ್ನ ಕೈಯಾರೆ ಬರಕೊಂಡಿದ್ದೀನಿ.”

ಸ್ಟೇಷನ್ನಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಮುನಿಗಂಗಮ್ಮನ ಹೇಳಿಕೆ ಅದು. ಶುಕ್ರವಾರ ಮಧ್ಯಾಹ್ನ ಬರೆದದ್ದು, ಕೆಳಗೆ ಹೆಬ್ಬೆಟ್ಟು. ಚನ್ನಕೇಶವ ಹೇಗೆ ಹೋದ ಎಂದು ಕೇಳಿದ್ದಕ್ಕೆ, ಜಟಕಾದ ಹತ್ತಿರ ನಿಂತಿದ್ದ ಪಿಳ್ಳಪ್ಪನ ಕಡೆಗೆ ಕೈ ತೋರಿಸಿ ಅವಳು ಹೀಗೆ ಹೇಳಿದಳಂತೆ: ‘ಆ ಯಪ್ಪ ನಿನ್ನ ಬಂಡೀಲಿ ಹೋದ.’

ಹತ್ತಿಸಿಕೊಳ್ಳಲೇ ಇಲ್ಲ ಎಂದು ಪಿಳ್ಳಪ್ಪ ಹೇಳುತ್ತಾನೆ, ನಿನ್ನ ಬಂಡಿಯಲ್ಲೇ ಹೋದ ಎಂದು ಇವಳು ಅವನ ಮುಖಕ್ಕೇ ಹೇಳುತ್ತಾಳೆ. ಇನ್ನೇನು ಬೇಕು ಎಂದು ಸಬ್ ಇನ್ಸ್‌ಪೆಕ್ಟರು ಕುರ್ಚಿಗೆ ಒರಗಿದರು.

ನಾನು ಆ ಸಾಲನ್ನು ಎರಡು ಸಲ ಓದಿದೆ. ಮೂರನೆಯ ಸಲ ಓದುವಾಗ ‘ನಿನ್ನ’ ಎಂಬ ಮಾತು ಕಡಲೆಯೊಳಗಿನ ಕಲ್ಲಿನಂತೆ ಹಲ್ಲಿಗೆ ಸಿಕ್ಕಿತು.

“ಸ್ವಾಮಿ, ಈ ಮುನಿಗಂಗಮ್ಮ ಪಿಳ್ಳಪ್ಪನಿಗೆ ಏನಾಗಬೇಕು, ಕೇಳಿದಿರಾ?”

ಕೇಳಿರಲಿಲ್ಲ. ಯಾಕೆ ಕೇಳಬೇಕು?

“ಒಡಹುಟ್ಟಿದ ತಮ್ಮನ ಹೆಂಡತಿ. ಅವನು ಇವಳಿಗೆ ಬಾವ. ನಮ್ಮ ಕಡೆ ಹೆಣ್ಣುಮಕ್ಕಳು ಬಾವನ ಎದುರಿಗೆ ನಿಂತು ಮಾತಾಡೋದೇ ಇಲ್ಲ. ಆಡಲೇಬೇಕಾದ್ರೆ ‘ನೀವು’, ‘ನಿಮ್ಮ’. ನಾಲಿಗೆ ಬಿದ್ದುಹೋದ್ರೂ ‘ನಿನ್ನ’ ಅನ್ನೋದಿಲ್ಲ.”

ಗಾಬರಿಯಲ್ಲಿ ಬಂದಿರಬಹುದು ಎಂದರು ಅವರು. ಮನೆಗೆ ಬೆಂಕಿ ಬಿದ್ದರೂ ಬರುವುದಿಲ್ಲ ಎಂದೆ ನಾನು. ಹಾಗಾದರೆ ಅವಳು ಹೇಳಿದ ಮಾತಿಗೆ ಬೇರೆ ಏನು ಅರ್ಥ ಎಂದು ಅವರು ರೇಗಿದರು. ಅವಳನ್ನೇ ಕರೆಸಿ, ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ, ಚನ್ನಕೇಶವನ ಸುದ್ದಿಯನ್ನೇ ಎತ್ತುವುದಿಲ್ಲ ಎಂದೆ. ಎಂಟೂವರೆಯವರೆಗೆ ಸಮಯ ಕೊಟ್ಟರು.

ಠಾಣೆ ಇರುವುದು ಊರ ಹೊರಗೆ, ಸ್ಟೇಷನ್ನಿಗೆ ಕೂಗಳತೆಯ ದೂರದಲ್ಲಿ. ಕಾನ್‌ಸ್ಟೇಬಲ್ ಬಯ್ಯಪ್ಪ ಕರೆತರಲು ಹೋದ. ಅವನು ಇದೇ ಸೀಮೆಯವನು, ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ಶುಕ್ರವಾರ ಹೇಳಿಕೆ ಬರೆದುಕೊಳ್ಳುವಾಗ ಅವನೊಬ್ಬ ಪಕ್ಕದಲ್ಲಿದ್ದಿದ್ದರೆ ಈ ರಾಮಾಯಣವೇ ನಡೆಯುತ್ತಿರಲಿಲ್ಲ. ಆ ಹೊತ್ತಿಗೆ ಅವನು ಸಮನ್ಸು ಹಿಡಿದುಕೊಂಡು ಯಾವುದೋ ಹಳ್ಳಿಗೆ ಹೋಗಿದ್ದನಂತೆ.

ಅವರು ಬರುವಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರು ಇನ್ನೊಂದು ಮಾತು ನೆನಪಿಸಿದರು. ಚನ್ನಕೇಶವ ಗುರುವಾರ ಗಾಡಿ ಹತ್ತಲೇ ಇಲ್ಲ, ಬೆಂಗಳೂರಿನವರೆಗೂ ಪಕ್ಕದ ಜಾಗ ಖಾಲಿಯಿತ್ತು ಎಂದು ಬರೆದುಕೊಟ್ಟಿರುವವನು ನಿಮ್ಮ ಅಳಿಯನೇ ಅಲ್ಲವೇ? ಹೌದು. ಆವಲಪ್ಪನನ್ನು ಠಾಣೆಗೆ ಕರೆತಂದು ಆ ಹೇಳಿಕೆ ಕೊಡಿಸಿದವನು ನಾನೇ. ಆ ವಿಷಯ ಆಮೇಲೆ ನೋಡೋಣ ಎಂದೆ.

ಮುನಿಗಂಗಮ್ಮ ಬುಟ್ಟಿಯನ್ನು ಹೊರಗಿಟ್ಟು, ಸೆರಗು ಹೊದ್ದು ಒಳಗೆ ಬಂದಳು. ಲಾಕಪ್ಪಿನ ಸರಳುಗಳ ಹಿಂದೆ ಬಾವ ಕಂಡಕೂಡಲೇ ಗೋಡೆಯ ಕಡೆಗೆ ತಿರುಗಿ ನಿಂತುಬಿಟ್ಟಳು. ನಾನು ಸಬ್ ಇನ್ಸ್‌ಪೆಕ್ಟರಿಗೆ ಕಣ್ಣಿನಲ್ಲೇ ತೋರಿಸಿದೆ. ಅವರು ಹುಬ್ಬು ಗಂಟು ಹಾಕಿದರು.

“ಏನಿಲ್ಲ ತಾಯಿ, ಹೆದರಬೇಡ” ಎಂದೆ. “ಶುಕ್ರವಾರ ಬೆಳಗಿನ ಗಾಡಿ ಎಷ್ಟು ಹೊತ್ತಿಗೆ ಬಂತು? ಸಾಹೇಬರಿಗೆ ಹೇಳು.”

ಅವಳು ಸಬ್ ಇನ್ಸ್‌ಪೆಕ್ಟರ ಕಡೆಗೆ ಕೈಮುಗಿದು, ತಲೆ ಬಗ್ಗಿಸಿಕೊಂಡೇ ಹೇಳಿದಳು.

“ನಿನ್ನ ಬಂಡಿ ಅರ್ಧ ಗಂಟೆ ಲೇಟು ಸಾಮಿ.”

ಸಬ್ ಇನ್ಸ್‌ಪೆಕ್ಟರು ಕುರ್ಚಿಯಲ್ಲಿ ನೆಟ್ಟಗಾದರು.

“ನನ್ನ ಬಂಡಿಯಾ? ನನಗೆಲ್ಲಿದೆಯಮ್ಮ ಬಂಡಿ? ನನಗಿರೋದು ಸರ್ಕಾರದ ಸೈಕಲ್ಲು.”

ಮುನಿಗಂಗಮ್ಮ ಕಂಗಾಲಾದಳು. “ಅಯ್ಯೋ, ನಿಮ್ದಲ್ಲ ಸಾಮಿ. ಇವತ್ತಿನ ಬಂಡಿ ಟೈಮಿಗೆ ಬಂತು. ನಿನ್ನದೇ ಲೇಟು.”

ಬಾಗಿಲಲ್ಲಿ ನಿಂತಿದ್ದ ಬಯ್ಯಪ್ಪ ಬಾಯಿಗೆ ಟೋಪಿ ಅಡ್ಡ ಹಿಡಿದ. ಭುಜ ಕುಣಿಯುತ್ತಿತ್ತು. ಸಬ್ ಇನ್ಸ್‌ಪೆಕ್ಟರು ಅವನನ್ನು ನೋಡಿದರು, ನನ್ನನ್ನು ನೋಡಿದರು. ಇನ್ನು ತಡೆಯಲಾರದೆ ನಾನೇ ಹೇಳಿದೆ.

“ತೆಲುಗಲ್ಲಿ ‘ನಿನ್ನ’ ಅಂದ್ರೆ ನಿನ್ನೆ ಸ್ವಾಮಿ. ‘ಬಂಡಿ’ ಅಂದ್ರೆ ರೈಲು. ಪಿಳ್ಳಪ್ಪಂದನ್ನ ಈಯಮ್ಮ ಜಟಕಾ ಅಂತಾಳೆಯೇ ಹೊರತು ಬಂಡಿ ಅನ್ನೋದಿಲ್ಲ. ಶುಕ್ರವಾರ ನೀವು ಕೇಳಿದಾಗ ಅವಳು ಹೇಳಿದ್ದು, ಚನ್ನಕೇಶವ ನಿನ್ನೆ ರೈಲಲ್ಲಿ ಹೋದ ಅಂತ. ಗುರುವಾರದ ರೈಲಲ್ಲಿ. ಕೈ ತೋರಿಸಿದ್ದು ಪಿಳ್ಳಪ್ಪನ ಹಿಂದಿದ್ದ ಹಳಿಗಳ ಕಡೆಗೆ.”

ಹೌದೇನಮ್ಮ ಎಂದು ಅವರು ಕೇಳಿದರು. ಹೌದು ಸಾಮಿ, ಅಷ್ಟೇ ಅಲ್ವಾ ನಾನು ಹೇಳಿದ್ದು ಎಂದಳು ಅವಳು. ನಮ್ಮ ಸೀಮೆಯಲ್ಲಿ ಒಂದೇ ಮಾತಿನೊಳಗೆ ಅರ್ಧ ಕನ್ನಡ, ಅರ್ಧ ತೆಲುಗು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಆಡಿದವರಿಗೇ ಗೊತ್ತಿರುವುದಿಲ್ಲ, ಇನ್ನು ಮಂಡ್ಯದವರಿಗೆ ಹೇಗೆ ಗೊತ್ತಾಗಬೇಕು?

ಸಬ್ ಇನ್ಸ್‌ಪೆಕ್ಟರು ಆ ಹೇಳಿಕೆಯನ್ನು ಎಳೆದುಕೊಂಡು ಇನ್ನೊಮ್ಮೆ ಓದಿದರು. ಕಿವಿ ಕೆಂಪಾಗಿತ್ತು. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟರು. ಸೋತ ಉಸಿರಲ್ಲ ಅದು, ಬಾವಿಯ ಅಂಚಿನಲ್ಲಿ ಕಾಲು ಜಾರಿ ಮತ್ತೆ ನಿಂತವನ ಉಸಿರು. ಬಯ್ಯಪ್ಪಾ, ಬೀಗ ತೆಗಿ ಎಂದರು.

ತನ್ನ ಮಾತಿನಿಂದಲೇ ಬಾವ ಒಳಗೆ ಹೋದದ್ದು ಎಂದು ಮುನಿಗಂಗಮ್ಮನಿಗೆ ಆಗಲೇ ಹೊಳೆದದ್ದು. ಪಾಪ, ಹೊಂಗೆ ಮರದ ಕೆಳಗಿದ್ದ ಓರಗಿತ್ತಿಗೆ ಬೆಳಿಗ್ಗೆ ನೀರು ತಂದುಕೊಟ್ಟವಳೂ ಅವಳೇ. ಗೋಡೆಗೆ ಹಣೆ ಒತ್ತಿಕೊಂಡು ಅಳತೊಡಗಿದಳು.

ಪಿಳ್ಳಪ್ಪ ತಲೆ ಬಗ್ಗಿಸಿಕೊಂಡು ಹೊರಗೆ ಬಂದ. ಐವತ್ತರ ಗಟ್ಟಿ ಆಳು, ಒಂದು ರಾತ್ರಿಗೆ ಬಟ್ಟೆ ಸಡಿಲವಾದವನ ಹಾಗೆ ಕಂಡ. ಸಬ್ ಇನ್ಸ್‌ಪೆಕ್ಟರು ಎದ್ದುನಿಂತು, ತಪ್ಪಾಯಿತು ಎಂಬ ಅರ್ಥ ಬರುವ ಹಾಗೆ ಏನೋ ಗೊಣಗಿದರು. ಪೊಲೀಸರ ಬಾಯಲ್ಲಿ ಅಷ್ಟು ಬಂದದ್ದೇ ಹೆಚ್ಚು. ಪಿಳ್ಳಪ್ಪ ಅದನ್ನು ಕೇಳಿಸಿಕೊಂಡನೋ ಇಲ್ಲವೋ. ಬಾಗಿಲು ದಾಟಿದವನೇ ಹೆಂಡತಿಯನ್ನು ಕೇಳಿದ್ದು ಕುದುರೆಯ ಸುದ್ದಿ.

“ಕುದುರೆಗೆ ಹುರುಳಿ ಬೇಯಿಸಿಕ್ಕಿದ್ದೀನಿ” ಎಂದಳು ಅಶ್ವತ್ಥಮ್ಮ. “ನಿನಗಿಕ್ಕೋರು ಯಾರು? ನಡಿ ಮನೆಗೆ.”

ಅಷ್ಟು ಗಟ್ಟಿಯಾಗಿ ಹೇಳಿದವಳು ಮರುಗಳಿಗೆಯಲ್ಲೇ ಅವನ ತೋಳು ಹಿಡಿದು ಬಿಕ್ಕಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಬಾವ, ತಪ್ಪಾಯ್ತು ಎಂದು ಮುನಿಗಂಗಮ್ಮ ಬಾಗಿಲ ಮರೆಯಿಂದ ಹೇಳಿದಳು. ಪಿಳ್ಳಪ್ಪ ನೇರವಾಗಿ ಅವಳಿಗೆ ಉತ್ತರ ಕೊಡಲಿಲ್ಲ. ನಿನ್ನ ಓರಗಿತ್ತಿಗೆ ಅಳಬೇಡ ಅನ್ನು, ಅವಳು ಸರಿಯಾಗೇ ಹೇಳಿದ್ದಾಳೆ, ಕೇಳಿಸಿಕೊಂಡೋರಿಗೆ ಕನ್ನಡ ಬರಲ್ಲ ಎಂದು ಹೆಂಡತಿಗೆ ಹೇಳಿದ. ಮಂಡ್ಯದವರಿಗೆ ಕನ್ನಡ ಬರುವುದಿಲ್ಲ ಎಂಬ ಮಾತಿಗೆ ಬಯ್ಯಪ್ಪ ಈ ಸಲ ಟೋಪಿಯನ್ನೂ ಅಡ್ಡ ಹಿಡಿಯದೆ ನಕ್ಕ. ಸಬ್ ಇನ್ಸ್‌ಪೆಕ್ಟರೂ ನಕ್ಕುಬಿಟ್ಟರು.

ಒಂಬತ್ತರ ಬಸ್ಸು ಧೂಳೆಬ್ಬಿಸಿಕೊಂಡು ಠಾಣೆಯ ಮುಂದೆಯೇ ಹೋಯಿತು. ಅದರಲ್ಲಿ ಪಿಳ್ಳಪ್ಪ ಇರಲಿಲ್ಲ. ನನಗೆ ಎದೆಯ ಮೇಲಿನ ಚಪ್ಪಡಿ ಇಳಿಸಿದಂತಾಯಿತು. ಅದಕ್ಕಿಂತ ದೊಡ್ಡ ಸಮಾಧಾನ ಇನ್ನೊಂದಿತ್ತು. ರೈಲಿನಲ್ಲಿ ಹೋದವನು ಸತ್ತವನಲ್ಲ. ಚನ್ನಕೇಶವ ಎಲ್ಲೋ ಇದ್ದಾನೆ, ನಿನ್ನ ತಮ್ಮ ಬದುಕಿದ್ದಾನೆ ಎಂದು ಚಿಕ್ಕವೆಂಕಟಮ್ಮನಿಗೆ ಹೋಗಿ ಹೇಳಬಹುದು. ಸುದ್ದಿ ಕೇಳಿ ಅವಳು ಸಾದಲಿಯಿಂದ ಓಡಿಬಂದಾಗಿನಿಂದ ಅವಳ ಮನೆಯ ಮುಂದೆ ಹಾದುಹೋಗಲು ನನಗೆ ಧೈರ್ಯ ಬಂದಿರಲಿಲ್ಲ.

ಸಬ್ ಇನ್ಸ್‌ಪೆಕ್ಟರು ಕಾಫಿ ತರಿಸಿದರು. ಅರ್ಧ ಕುಡಿದು, ಹಾಗಾದರೆ ನಿಮ್ಮ ಅಳಿಯನ ಕಣ್ಣಿಗೆ ಅವನು ಯಾಕೆ ಬೀಳಲಿಲ್ಲ ಎಂದು ಕೇಳಿದರು. ಬೇರೆ ಡಬ್ಬಿ ಹತ್ತಿರುತ್ತಾನೆ, ಅದರಲ್ಲೇನಿದೆ ಎಂದೆ. ಮೂವತ್ತೊಂದು ವರ್ಷ ಯಾರ ಮಾತನ್ನೂ ಟಿಕೆಟ್ ನೋಡದೆ ನಂಬದವನು ನಾನು. ಆದರೂ ಲೋಟ ಕೆಳಗಿಟ್ಟು ಎದ್ದೆ. ಕೇಳಿಯೇಬಿಡೋಣ ಎನಿಸಿತು.

ಮುನಿಗಂಗಮ್ಮ ಹೊರಗೆ ಮುಖ ತೊಳೆದುಕೊಂಡು ಬುಟ್ಟಿ ಎತ್ತಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಒಂದು ಹಿಡಿ ಕಡಲೆಕಾಯಿ ತೆಗೆದು ಕೈಗೆ ಹಾಕಿದಳು, ಬೇಡವೆಂದರೂ ಬಿಡಲಿಲ್ಲ. ಗುರುವಾರ ಚನ್ನಕೇಶವ ಯಾವ ಡಬ್ಬಿ ಹತ್ತಿದ, ಮುಂದಿನದೋ ಹಿಂದಿನದೋ ಎಂದು ಕೇಳಿದೆ.

ಅವಳು ಬೆಂಗಳೂರಿನ ಬಂಡಿ ಅಲ್ಲ ಎಂದಳು. ನಮ್ಮ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಏಳಕ್ಕೆ ಎರಡು ಗಾಡಿಗಳ ಕ್ರಾಸಿಂಗು. ಒಂದು ಬೆಂಗಳೂರಿಗೆ, ಇನ್ನೊಂದು ಗೌರಿಬಿದನೂರಿನ ಮೇಲೆ ಹಿಂದೂಪುರಕ್ಕೆ. ಪಾಸಿನವರೆಲ್ಲ ಬೆಂಗಳೂರಿನ ಗಾಡಿಗೆ ನುಗ್ಗುವಾಗ ಚನ್ನಕೇಶವ ಹಳಿ ದಾಟಿ ಹಿಂದೂಪುರದ ಗಾಡಿಗೆ ಹತ್ತಿದನಂತೆ.

“ಒಬ್ಬನೇನಾ?”

“ಇಬ್ಬರು ಸಾಮಿ. ಸಾಯಂಕಾಲ ಆ ಕಡೆಯಿಂದ ಬಂದ ಬಂಡೀಲಿ ಒಬ್ಬರೇ ಇಳಿದ್ರು. ನಿಮ್ಮ ಅಳಿಯಂದಿರು.”

ಕೈಯಲ್ಲಿದ್ದ ಕಡಲೆಕಾಯಿ ನೆಲಕ್ಕೆ ಉದುರಿತು. ತೆಲುಗಿನಲ್ಲಿ ‘ನಿಮ್ಮ’ ಎಂದರೆ ನಿಂಬೆ. ಅರ್ಧ ಗಂಟೆಯ ಹಿಂದೆ ಒಂದು ಠಾಣೆಗೆಲ್ಲ ತೆಲುಗು ಪಾಠ ಹೇಳಿದ ನಾನು, ದೇವರೇ, ಇವಳು ನಿಂಬೆಹಣ್ಣಿನ ಮಾತನ್ನೇ ಆಡಿರಲಪ್ಪಾ ಎಂದು ಬೇಡಿಕೊಂಡೆ.

ಮುನಿಗಂಗಮ್ಮ ಬುಟ್ಟಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

“ಯಾಕೆ ಸಾಮಿ,” ಎಂದಳು, “ಮನೇಲಿ ಹೇಳ್ಲಿಲ್ವಾ?”